ಮುತ್ಯಾನ ರೇಡಿಯೊ ಅರ್ಧ ನಿಮಿಷ ಮುಂದೆ

"ಮಗಳಿಗೆ ಕನ್ನಡ ತಿಳೀತದ, ಆದ್ರ ಬಾಯಿ ಬಿಡೂದಿಲ್ಲ" ಅಂತ ಮೊನ್ನೆ ಗುಂಪಿನಲ್ಲಿ ಅಕ್ಕಾ ಒಬ್ಬರು ಕೇಳಿದ್ರಲ್ಲ, ಅದಕ್ಕೇ ಬರೀತಿದೀನಿ. ವಾರದ ಕ್ಲಾಸು, ವರ್ಣಮಾಲೆ ಚಾರ್ಟು ಎಲ್ಲ ನಮ್ಮ ಮನೆಯಲ್ಲೂ ಆಗಿಹೋಗಿದೆ. ಚಾರ್ಟು ಗೋಡೆ ಮೇಲೆ ಉಳೀತು, ಮಗಳು ಜರ್ಮನ್‌ನಲ್ಲೇ ಉಳಿದಳು. ಕೆಲಸಕ್ಕೆ ಬಂದದ್ದು ವಿಜಯಪುರದಲ್ಲಿ ನಮ್ಮಪ್ಪ, ಅಂದ್ರೆ ಅವಳ ಮುತ್ಯಾ, ಹಚ್ಚೋ ರೇಡಿಯೊ.

ಅಪ್ಪನಿಗೆ ಶನಿವಾರ ರಾತ್ರಿ ಊಟ ಬೇಗ. ಆಕಾಶವಾಣಿಯಲ್ಲಿ ಭಾಷಣ ಇದ್ದರೆ ಭಾಷಣ, ಆಮೇಲೆ ಶಾಸ್ತ್ರೀಯ ಸಂಗೀತ. ಅಲ್ಲಿ ರಾತ್ರಿ ಹತ್ತಾದರೆ ಇಲ್ಲಿ ಮ್ಯೂನಿಕ್‌ನಲ್ಲಿ ಚಳಿಗಾಲದ ಸಂಜೆ ಐದೂವರೆ. ನಾವು ಮೊಬೈಲಿನಲ್ಲಿ ಅದೇ ಕಾರ್ಯಕ್ರಮ ಹಚ್ಚಿ, ಇನ್ನೊಂದು ಫೋನಿನ ವಿಡಿಯೊದಲ್ಲಿ ಅಪ್ಪನನ್ನು ಕೂರಿಸಿಕೊಳ್ತೀವಿ. ಅವನ ದನಿ ಬಂದ್ ಮಾಡಿರಬೇಕು, ಇಲ್ಲಾಂದ್ರೆ ಒಂದೇ ಹಾಡು ಎರಡೆರಡು ಸಲ.

ಮಜಾ ಅಂದ್ರೆ, ಇಂಟರ್ನೆಟ್ಟಿನ ದಾರಿ ಹಿಡಿದು ಬರೋ ನಮ್ಮ ಪ್ರಸಾರ ಅರ್ಧ ನಿಮಿಷ ಹಿಂದೆ. ಅಪ್ಪ ಕಣ್ಣು ಮುಚ್ಚಿ ತೊಡೆ ತಟ್ಟಿ "ವಾಹ್" ಅಂದಿರ್ತಾನೆ, ಇಲ್ಲಿ ಗಾಯಕರು ಇನ್ನೂ ತಾನ್, ಅಂದ್ರೆ ಸ್ವರಗಳ ವೇಗದ ಸರಣಿ, ಹಿಡಕೊಂಡು ಹೊರಟಿರ್ತಾರೆ. ಮಗಳು ಬೆರಳು ಎತ್ತಿಕೊಂಡು ಕಾಯ್ತಾಳೆ. "ಬಂತು, ಬಂತು... ಈಗ!" ಸಮ್, ಅಂದ್ರೆ ತಾಳದ ಸುತ್ತಿನ ಮೊದಲ ಪೆಟ್ಟು, ಬಿದ್ದ ಕೂಡಲೆ ತಾನೂ ತೊಡೆ ತಟ್ಟೋದು. ಅದನ್ನ ಹಿಡಿಯೋದು ಹೆಂಗೆ ಅಂತ ನಾನಂತೂ ಹೇಳಿಕೊಟ್ಟಿಲ್ಲ, ನನಗೇ ಪೂರಾ ಗೊತ್ತಿಲ್ಲ.

ರೇಡಿಯೊದ್ದು ಮುಗಿದ ಮೇಲೆ ಅಪ್ಪನ ಭಾಷಣ ಸುರು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದರು ಅನ್ನೋದು ಪ್ರತಿ ವಾರ ಬರ್ತದೆ. ಇನ್ನೊಬ್ಬ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಅಪ್ಪನಿಗಿಂತ ಎಷ್ಟೋ ದೊಡ್ಡವರು, ಆದರೂ ಅಪ್ಪನ ಬಾಯಲ್ಲಿ "ಸುಳೇಭಾವಿ ಹುಡುಗ"!

ಒಮ್ಮೆ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಥೆ ತೆಗೆದ. ಗೋಳಗುಮ್ಮಟ ಕಟ್ಟಿಸಿದ ಮಹಮ್ಮದನ ತಂದೆ, ಸರಸ್ವತಿಯನ್ನು ಹಾಡಿ ಹೊಗಳಿದ ಸುಲ್ತಾನ, 'ಕಿತಾಬ್‌-ಎ-ನವರಸ್' ಅನ್ನೋ ಹಾಡಿನ ಪುಸ್ತಕ ಬರೆದವನು. ಅವನ ತಂಬೂರಿಗೆ ಮೋತಿಖಾನ್ ಅಂತ ಹೆಸರಿತ್ತು ಅಂದದ್ದೇ ತಡ, ಮಗಳು ಎದ್ದು ಕೂತಳು.

"ತಂಬೂರಿಗೆ ಹೆಸರಾ? ಮುತ್ಯಾ, ನಿನ್ನ ರೇಡಿಯೊ ಹೆಸರೇನು?"

ಎರಡು ವರ್ಷದಲ್ಲಿ ಯಾರೂ ಕೇಳದೆ ಅವಳಾಗೇ ಆಡಿದ ಪೂರಾ ಕನ್ನಡ ವಾಕ್ಯ ಅದು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಶಹಬ್ಬಾಸ್ ಅಂದಿದ್ರೆ ಕೆಟ್ಟೇ ಹೋಗ್ತಿತ್ತು. ಅದೊಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಪಕ್ಕದಲ್ಲಿ ಕೂತು "ಅರ್ಥ ಆಯ್ತಾ?" ಅಂತ ಕೇಳ್ಬೇಡಿ. ಪರೀಕ್ಷೆ ವಾಸನೆ ಬಂದ್ರೆ ಮಕ್ಕಳು ಎದ್ದು ಹೋಗ್ತಾವೆ.

ಡಲ್ಲಾಸ್‌ನ ಬೆಳಗಾವಿ ಅಕ್ಕಾ, ನಿಮ್ಮ ತಕರಾರು ಓದಿದೆ. ಊರಿನ ರಾತ್ರಿ ಹತ್ತು ನಿಮಗೆ ಚಳಿಗಾಲದಲ್ಲಿ ಬೆಳಿಗ್ಗೆ ಹತ್ತೂವರೆ, ರೊಟ್ಟಿ ಬಡಿಯೋ ಹೊತ್ತಿನಲ್ಲಿ ರಾತ್ರಿ ರಾಗ ಬಿಹಾಗ ಕೇಳೋದು ಹೆಂಗೆ ಅಂತ. ಬೇಸಿಗೆಯಲ್ಲಿ ನಮ್ಮದೂ ಅದೇ ಪಾಡು, ಆರೂವರೆಗೆ ಸುಡುಬಿಸಿಲು, ಒಳಗೆ ಮಧ್ಯರಾತ್ರಿಯ ರಾಗ. ಪರದೆ ಎಳೀತೀವಿ, ಅಷ್ಟೇ.

ಅಂದಹಾಗೆ, ಮೋತಿ ಅಂದ್ರೆ ಮುತ್ತು ಅಂತ ಅಪ್ಪ ಹೇಳಿದ್ದಕ್ಕೆ ರೇಡಿಯೊ ಈಗ ಮುತ್ತಣ್ಣ. ಹೋದ ಶನಿವಾರ ಮಗಳಿಗೇ ನೇರ ಫೋನ್ ಬಂತು: "ಇವತ್ತ ನೀ ಒಬ್ಬಾಕಿನ ಕೇಳವ್ವಾ, ಮುತ್ತಣ್ಣನ ಸೆಲ್ ಮುಗದಾವ."