ಸಹಾಯ ಬೇಕು: ರಾತ್ರಿ ಹಾಡುವ ಮಿಡತೆಯ ಫೋಟೋ ತೆಗೆಯುವುದು ಹೇಗೆ?

ನಮಸ್ಕಾರ. ಶ್ರೀರಂಗಪಟ್ಟಣದ ಹತ್ತಿರ ನಮ್ಮ ಕಬ್ಬಿನ ಗದ್ದೆ ಇದೆ. ರಾತ್ರಿ 8ರ ಮೇಲೆ ಬದುವಿನ ಹುಲ್ಲಲ್ಲಿ ಒಂದು ಹಸಿರು ಮಿಡತೆ ಜಿರ್ರ್ ಅಂತ ಶುರು ಮಾಡುತ್ತದೆ. ಹಗಲು ಕಾಣುವ ಮಾಮೂಲಿ ಮಿಡತೆ ಅಲ್ಲ. ಇದರ ಮೀಸೆ ಮೈಗಿಂತ ಉದ್ದ, ಕೂದಲೆಳೆಯಷ್ಟು ಸಣ್ಣ. ಕಿವಿ ಇರುವುದು ಮುಂಗಾಲಲ್ಲಿ, ಮೊಣಕಾಲಿನ ಕೆಳಗೆ! ಹೆಜ್ಜೆ ಇಟ್ಟರೆ ಸಾಕು, ಗಪ್‌ಚುಪ್.

ಒಂದು ದಿನ ಚಪ್ಪಲಿ ಬಿಟ್ಟು ಹೋದೆ. ಹಾವು ಕಚ್ಚಿದರೆ ಏನು ಗತಿ ಅಂತ ಅಮ್ಮ ಸರಿಯಾಗಿ ಬೈದರು. ಈಗ ಗಮ್‌ಬೂಟು ಹಾಕಿ ಹೋಗಿ, ಸುಮ್ನೆ ಹತ್ತು ನಿಮಿಷ ಕೂರುತ್ತೇನೆ. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿದ ಮೇಲೆ ಅದು ಹಾಡು ನಿಲ್ಲಿಸುತ್ತಿಲ್ಲ. ಮುಂದಿನ ಎರಡು ರೆಕ್ಕೆ ಸ್ವಲ್ಪ ಎತ್ತಿ ಒಂದಕ್ಕೊಂದು ಉಜ್ಜುವುದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ನನಗೆ ಬೇಕಿರುವುದು ಅದೇ ಫೋಟೋ.

ತೊಂದರೆ ಏನಂದ್ರೆ, ಕೆಂಪು ಬೆಳಕಲ್ಲಿ ಮೊಬೈಲ್ ಫೋಕಸ್ ಹಿಡಿಯಲ್ಲ. ಫ್ಲ್ಯಾಷ್ ಹಾಕಿದರೆ ರೆಕ್ಕೆ ಪೂರ್ತಿ ಬೆಳ್ಳಗೆ. ಫ್ಲ್ಯಾಷಿಗೆ ಟಿಶ್ಯೂ ಪೇಪರ್ ಅಂಟಿಸಿದರೆ ಬಣ್ಣ ಸರಿ, ಆದರೆ ಅಲುಗಾಡಿ ಮಸುಕಾಗುತ್ತದೆ. ಹಿಡಿದು ಡಬ್ಬಿಗೆ ಹಾಕಿ ತೆಗೆಯಲು ಮನಸ್ಸಿಲ್ಲ.

ಇದನ್ನು ಹೆದರಿಸದೆ, ಮೊಬೈಲಲ್ಲೇ ಫೋಕಸ್ ಮತ್ತು ಬೆಳಕು ಎರಡನ್ನೂ ನೀವು ಹೇಗೆ ಹೊಂದಿಸುತ್ತೀರಿ?