ಮಮ್ಮಿಗಳ ರಕ್ತನಾಳದಲ್ಲೂ ಸುಣ್ಣ: ಹೃದಯದ ಕಾಯಿಲೆ ಹೊಸದೋ, ಹಳೆಯದೋ?

ಕೊಡಚಾದ್ರಿ:
ಹೃದಯದ ಕಾಯಿಲೆ ಹುಟ್ಟಿದ್ದೇ ರಿಫೈನ್ಡ್ ಎಣ್ಣೆ, ಸಕ್ಕರೆ, ಕುರ್ಚಿ ಕೆಲಸ ಬಂದ ಮೇಲೆ, ಪ್ರಾಚೀನರಿಗೆ ಅದು ಇರಲೇ ಇಲ್ಲ ಅಂತ ಒಂದು ಮೆಸೇಜ್ ಎಲ್ಲ ಗ್ರೂಪಿನಲ್ಲೂ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಈಜಿಪ್ಟಿನ ಕೈರೋದ ಮ್ಯೂಸಿಯಂನಲ್ಲಿ 22 ಮಮ್ಮಿಗಳನ್ನು, ಅಂದರೆ ಕೊಳೆಯದೆ ಒಣಗಿ ಉಳಿದ ಪ್ರಾಚೀನರ ಶವಗಳನ್ನು, ಸಿಟಿ ಸ್ಕ್ಯಾನ್ ಮಾಡಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ಮಮ್ಮಿಗಳಲ್ಲಿ ಹೃದಯವೋ ರಕ್ತನಾಳವೋ ಉಳಿದಿತ್ತು. ಆ 16ರಲ್ಲಿ 9 ಮಮ್ಮಿಗಳ ನಾಳದಲ್ಲಿ ಸುಣ್ಣ ಕಟ್ಟಿದ್ದು ಕಂಡಿತು. ನಮ್ಮ ಡಾಕ್ಟರು 'ಕ್ಯಾಲ್ಸಿಯಂ ಇದೆ' ಅಂತಾರಲ್ಲ, ಅದೇ. ನಾಳದ ಗೋಡೆಯಲ್ಲಿ ಕೊಬ್ಬು ಕೂತು ಗಟ್ಟಿಯಾದದ್ದರ ಗುರುತು ಅದು.

ರಾಗಿಮುದ್ದೆ:
ಸರ್, ಮಮ್ಮಿ ಮಾಡುತ್ತಿದ್ದದ್ದು ಯಾರನ್ನು? ರಾಜರು, ಪೂಜಾರಿಗಳು, ದುಡ್ಡಿದ್ದವರು. ದೇವರಿಗೆ ಅರ್ಪಿಸಿದ ದನದ ಮಾಂಸ, ಹೆಬ್ಬಾತು, ಕೊಬ್ಬು ಬೆರೆಸಿದ ರೊಟ್ಟಿ ಪೂಜಾರಿಗಳ ಮನೆಗೇ ಹೋಗುತ್ತಿತ್ತು. ಹೊಲದಲ್ಲಿ ದುಡಿಯುತ್ತಿದ್ದ ರೈತನ ಎದೆ ಹೇಗಿತ್ತು ಅಂತ ಇದರಿಂದ ಗೊತ್ತಾಗಲ್ಲ. ಶ್ರೀಮಂತರ ಕಾಯಿಲೆಯನ್ನು ಎಲ್ಲರ ತಲೆಗೂ ಕಟ್ಟಬೇಡಿ.

ಕೊಡಚಾದ್ರಿ:
ಇದೇ ಪ್ರಶ್ನೆ ಆ ಸಂಶೋಧಕರ ಮುಂದೆಯೂ ಇತ್ತು. ಅದಕ್ಕೇ ಅವರು ಈಜಿಪ್ಟ್ ಬಿಟ್ಟು ಹೊರಗೂ ಹೋದರು. 2013ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 137 ಮಮ್ಮಿಗಳ ಲೆಕ್ಕ ಬಂತು. ಈಜಿಪ್ಟಿನವು 76, ಪೆರುವಿನವು 51. ಅಮೆರಿಕದ ನೈರುತ್ಯ ಭಾಗದ ಪ್ಯುಬ್ಲೊ ಎಂಬ ಮೂಲನಿವಾಸಿಗಳ ಪೂರ್ವಜರು 5, ಅಲಾಸ್ಕಾ ಬಳಿಯ ಅಲ್ಯೂಷಿಯನ್ ದ್ವೀಪಗಳ ಉನಾಂಗನ್ ಜನ 5. ಒಟ್ಟು 47 ಮಮ್ಮಿಗಳಲ್ಲಿ, ಅಂದರೆ ಶೇ. 34ರಲ್ಲಿ ಈ ಗುರುತು ಇತ್ತು. ಪೆರುವಿನ ಮಮ್ಮಿಗಳು ಮರಳುಗಾಡಿನ ಒಣಹವೆಗೆ ತಾವಾಗಿ ಒಣಗಿದಂಥವು, ಹಾಗಾಗಿ ದುಡ್ಡಿದ್ದವರೇ ಆಗಬೇಕಿರಲಿಲ್ಲ. ಉನಾಂಗನ್ನರು ಸೀಲ್, ಮೀನು ಹಿಡಿದು ಬದುಕಿದ ಬೇಟೆಗಾರರು. ಅವರಿಗೆ ಬೇಸಾಯವೇ ಗೊತ್ತಿರಲಿಲ್ಲ. ಆ 5 ಜನರಲ್ಲೂ 3 ಜನರಿಗೆ ಇತ್ತು.

ಸ್ಕ್ಯಾನ್ ರೂಮ್:
ನಾನು ದಿನಾ ಇಂಥ ಸ್ಕ್ಯಾನ್ ನೋಡುವವಳು. ಐದು ಜನರಲ್ಲಿ ಮೂವರು ಅಂದ ತಕ್ಷಣ ಶೇ. 60 ಅಂತ ಹೊರಡಬೇಡಿ. ಅಷ್ಟು ಚಿಕ್ಕ ಗುಂಪಿನಿಂದ ಪ್ರಮಾಣ ಹೇಳೋಕೆ ಆಗಲ್ಲ, ಇತ್ತು ಅಂತ ಮಾತ್ರ ಹೇಳಬಹುದು. ಹಾಗೇ ಸಿಟಿಯಲ್ಲಿ ಕಾಣುವುದು ಗಟ್ಟಿಯಾದ ಸುಣ್ಣ. ಮೆತ್ತಗಿನ ಕೊಬ್ಬು ಒಣಗಿದ ದೇಹದಲ್ಲಿ ಕಾಣಲ್ಲ. ಆದ್ದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ ಇದ್ದಿರಬಹುದು. ವಯಸ್ಸನ್ನೂ ನೋಡಿ. ಗುರುತು ಇದ್ದವರ ಸರಾಸರಿ ವಯಸ್ಸು 43, ಇಲ್ಲದವರದು 32. ವಯಸ್ಸಾದಂತೆ ನಾಳ ಗಟ್ಟಿಯಾಗುವುದು ಆಗಲೂ ಇತ್ತು.

ರಾಗಿಮುದ್ದೆ:
ಸುಣ್ಣ ಕಟ್ಟಿದರೆ ಹಾರ್ಟ್ ಅಟ್ಯಾಕ್ ಆಯ್ತು ಅಂತಲ್ಲ, ಅಲ್ವಾ ಮೇಡಂ? ಆಗ ಎಷ್ಟೋ ಜನ ಸೋಂಕಿನಿಂದಲೋ ಹೆರಿಗೆಯಲ್ಲೋ ಹೋಗುತ್ತಿದ್ದರು. ಎದೆನೋವಿನಿಂದ ಸತ್ತವರು ಇದ್ದರು ಅನ್ನೋಕೆ ಏನಿದೆ?

ಸ್ಕ್ಯಾನ್ ರೂಮ್:
ಸರಿಯಾದ ಪ್ರಶ್ನೆ. ಸುಣ್ಣವೊಂದೇ ಸಾವಿನ ಕಾರಣ ಹೇಳಲ್ಲ. ಆದರೆ ಚೀನಾದ ಚಾಂಗ್ಶಾ ಹತ್ತಿರ ಮಾವಾಂಗ್‌ದುಯಿಯಲ್ಲಿ ಸಿಕ್ಕ ಶಿನ್ ಜುಯಿ ಅವರನ್ನು ನೋಡಿ. ಹಾನ್ ರಾಜವಂಶದ ಕಾಲದ ಶ್ರೀಮಂತ ಮನೆತನದ ಹೆಂಗಸು, ಕ್ರಿ.ಪೂ. 163ರ ಸುಮಾರಿಗೆ, 50ರ ಆಸುಪಾಸಿನಲ್ಲಿ ತೀರಿಕೊಂಡವರು. ದೇಹ ಎಷ್ಟು ಚೆನ್ನಾಗಿ ಉಳಿದಿತ್ತೆಂದರೆ ವೈದ್ಯರು ಪೋಸ್ಟ್‌ಮಾರ್ಟಂ ಮಾಡಲು ಸಾಧ್ಯವಾಯಿತು. ಹೃದಯದ ನಾಳಗಳು ತೀರಾ ಕಿರಿದಾಗಿದ್ದವು, ಪಿತ್ತಕೋಶದ ಕಲ್ಲೂ ಇತ್ತು. ಹೊಟ್ಟೆಯಲ್ಲಿ ಕರ್ಬೂಜದ ಬೀಜಗಳು ಹಾಗೇ ಇದ್ದವು. ಹಣ್ಣು ತಿಂದ ಸ್ವಲ್ಪ ಹೊತ್ತಿನಲ್ಲೇ ಸಾವು ಬಂದಿದೆ. ಹಾರ್ಟ್ ಅಟ್ಯಾಕ್ ಅಂತಲೇ ವೈದ್ಯರ ಅಂದಾಜು.

ಹಳೆ ಓಲೆ:
ಬರಹದ ಸಾಕ್ಷಿಯೂ ಇದೆ. ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ ಅನ್ನೋ ಈಜಿಪ್ಟಿನ ವೈದ್ಯಗ್ರಂಥದಲ್ಲಿ, ರೋಗಿಗೆ ತೋಳು, ಎದೆ, ಹೊಟ್ಟೆಯ ಒಂದು ಬದಿ ನೋಯುತ್ತಿದ್ದರೆ ಸಾವು ಹತ್ತಿರ ಬಂದಿದೆ ಎಂಬ ಅರ್ಥದ ಮಾತಿದೆ. ಹೆಚ್ಚುಕಡಿಮೆ ಅದೇ ಕಾಲದ ರಾಜಕುಮಾರಿ ಅಹ್ಮೋಸ್ ಮೆರಿತ್ ಅಮುನ್ ತೀರಿಕೊಂಡಿದ್ದು 40ರ ಹರೆಯದಲ್ಲಿ. ಅವಳ ಹೃದಯದ ಮೂರು ಮುಖ್ಯ ನಾಳಗಳಲ್ಲಿ ಎರಡರಲ್ಲಿ ಸುಣ್ಣ ಕಟ್ಟಿತ್ತು. ಬುದ್ಧಿ ಇರುವುದು ಹೃದಯದಲ್ಲೇ ಅಂತ ಈಜಿಪ್ಟಿನವರು ನಂಬಿದ್ದರು. ಅದಕ್ಕೇ ಬೇರೆ ಅಂಗಗಳನ್ನು ತೆಗೆದರೂ ಹೃದಯವನ್ನು ಸಾಮಾನ್ಯವಾಗಿ ಒಳಗೇ ಬಿಡುತ್ತಿದ್ದರು. ಇವತ್ತು ನಮಗೆ ಇಷ್ಟು ಗೊತ್ತಾಗಿರುವುದು ಆ ನಂಬಿಕೆಯಿಂದ.

ತುಂಗೆ ದಂಡೆ:
ಹಾಗಾದರೆ ಏನು ತಿಂದರೂ ಒಂದೇ, ಬರುವುದು ಬಂದೇ ಬರುತ್ತೆ ಅಂತೀರಾ?

ಕೊಡಚಾದ್ರಿ:
ಖಂಡಿತ ಇಲ್ಲ. ಬೊಲಿವಿಯಾದ ಕಾಡಿನಲ್ಲಿ ಚಿಮಾನೆ ಜನ ಇವತ್ತೂ ಬೇಟೆ, ಮೀನು, ಸಣ್ಣ ಬೇಸಾಯ ಮಾಡಿಕೊಂಡಿದ್ದಾರೆ. 40 ದಾಟಿದ 705 ಜನರನ್ನು ಸ್ಕ್ಯಾನ್ ಮಾಡಿದಾಗ ಶೇ. 85 ಜನರ ಹೃದಯದ ನಾಳದಲ್ಲಿ ಸುಣ್ಣವೇ ಇರಲಿಲ್ಲ. 2017ರ ವರದಿ ಅದು. ದಿನಕ್ಕೆ ಎಷ್ಟೋ ಗಂಟೆ ಮೈ ಬಗ್ಗಿಸಿ ದುಡಿಯುತ್ತಾರೆ, ಸಿಗರೇಟು ಕಡಿಮೆ. ಕಾಯಿಲೆ ಹಳೆಯದು ನಿಜ. ಎಷ್ಟು ಬೇಗ, ಎಷ್ಟು ಜೋರಾಗಿ ಬರುತ್ತೆ ಅನ್ನೋದು ಬದುಕಿನ ಮೇಲೂ ನಿಂತಿದೆ.

ಸ್ಕ್ಯಾನ್ ರೂಮ್:
ನನಗೆ ತಲೆ ಕೆಡಿಸುವುದು ಇದೇ ಚಿಮಾನೆ ಜನರ ವಿಷಯ. ಪ್ರಾಚೀನರಿಗೆ ಸದಾ ಸೋಂಕು, ಹುಳು, ಅದರಿಂದ ಮೈಯೊಳಗೆ ಉರಿಯೂತ, ಹಾಗಾಗಿ ನಾಳ ಕೆಟ್ಟಿತು ಅಂತ ಒಂದು ವಾದ ಇದೆ. ಚಿಮಾನೆ ಜನರಿಗೂ ಸೋಂಕು, ಹುಳು ವಿಪರೀತ. ರಕ್ತದಲ್ಲಿ ಉರಿಯೂತದ ಗುರುತೂ ಜಾಸ್ತಿ. ಆದರೂ ನಾಳ ಚೊಕ್ಕಟ. ಹಾಗಾಗಿ ಸೋಂಕೊಂದನ್ನೇ ದೂರುವುದು ಸರಿಯಲ್ಲ. ಉನಾಂಗನ್ನರು ನೆಲದೊಳಗಿನ ಮನೆಯಲ್ಲಿ ಸೀಲ್ ಎಣ್ಣೆಯ ದೀಪ ಹಚ್ಚಿಕೊಂಡು ಇರುತ್ತಿದ್ದರು. ಆ ಹೊಗೆಯ ಮೇಲೆ ನನಗೆ ಹೆಚ್ಚು ಅನುಮಾನ.

ರಾಗಿಮುದ್ದೆ:
ಹೊಗೆ ಅಂದರೆ ಒಪ್ಪುತ್ತೇನೆ. ಆದರೆ ಈಜಿಪ್ಟಿನ ಅರಮನೆಯವರು ಒಲೆ ಮುಂದೆ ಕೂತವರಲ್ಲ. ಅವರ ವಿಷಯದಲ್ಲಿ ನನ್ನ ಬೆರಳು ಇನ್ನೂ ಆ ಕೊಬ್ಬಿನ ರೊಟ್ಟಿಯ ಕಡೆಗೇ.