ಉದ್ದದ ಡಾಕ್ಯುಮೆಂಟ್‌ನಲ್ಲಿ ಮೌಸ್ ಮುಟ್ಟದೆ ಓಡಾಡುವುದು ಹೇಗೆ?

ವರದಿಗಾರ್ತಿ:
ವರ್ಡ್‌ನಲ್ಲಿ 240 ಪುಟದ ವರದಿ ತಿದ್ದುತ್ತಿದ್ದೇನೆ. 87ನೇ ಪುಟದಲ್ಲಿರುವಾಗ 12ರಲ್ಲಿ ಏನು ಬರೆದಿದ್ದೆ ಅಂತ ನೋಡಬೇಕಾಗುತ್ತೆ. ಮೌಸ್ ಉರುಳಿಸಿಕೊಂಡು ಹೋಗಿ, ಒಂದು ಪದ ಸರಿಮಾಡಿ ವಾಪಸ್ ಬರುವಷ್ಟರಲ್ಲಿ ಮೊದಲಿದ್ದ ಜಾಗ ಸಿಗಲ್ಲ. ಸಂಜೆಗೆ ಮಣಿಕಟ್ಟು ನೋವು ಬೇರೆ. ಶಾರ್ಟ್‌ಕಟ್ ಕಲಿಯೋಣ ಅಂದ್ರೆ ಪಟ್ಟಿಗಳು ಮಾರುದ್ದ ಇವೆ. ಯಾವುದರಿಂದ ಶುರು ಮಾಡಲಿ?

ಕರಡುತಿದ್ದುವವ:
ಪಟ್ಟಿ ಪಕ್ಕಕ್ಕಿಡಿ ಮೇಡಂ. ನಿಮಗೆ ಮೊದಲು ಬೇಕಾದ್ದು ಶಿಫ್ಟ್ + ಎಫ್5. ಇಡೀ ದಿನ ಬೇರೆಯವರ ಪುಸ್ತಕಗಳ ಕರಡು ನೋಡುವ ನನಗೆ ಇದಿಲ್ಲದೆ ಕೆಲಸವೇ ಸಾಗಲ್ಲ. ನೀವು ಕೊನೆಯದಾಗಿ ತಿದ್ದಿದ ಮೂರು ಜಾಗಗಳನ್ನು ವರ್ಡ್ ನೆನಪಿಟ್ಟುಕೊಂಡಿರುತ್ತೆ. 12ನೇ ಪುಟದಲ್ಲಿ ಪದ ಸರಿಮಾಡಿ ಇದನ್ನು ಒತ್ತಿ, 87ಕ್ಕೆ ಬಂದಿರ್ತೀರಿ. ಬರದಿದ್ದರೆ ಇನ್ನೊಮ್ಮೆ ಒತ್ತಿ. ಫೈಲ್ ಮುಚ್ಚಿ ಮರುದಿನ ತೆರೆದಾಗಲೂ, ತೆರೆದ ಕೂಡಲೇ ಒತ್ತಿದರೆ ನಿನ್ನೆ ಬಿಟ್ಟ ಸಾಲಿಗೇ ಹೋಗುತ್ತೆ.

12ನೇ ಪುಟಕ್ಕೆ ಹೋಗೋಕೆ ಬರೀ ಎಫ್5 ಒತ್ತಿ, 12 ಅಂತ ಟೈಪ್ ಮಾಡಿ, ಎಂಟರ್. ಅದೇ ಪೆಟ್ಟಿಗೆಯಲ್ಲಿ +4 ಕೊಟ್ಟರೆ ಇದ್ದಲ್ಲಿಂದ ನಾಲ್ಕು ಪುಟ ಮುಂದೆ, -4 ಕೊಟ್ಟರೆ ಹಿಂದೆ. ಇದು ಗೊತ್ತಿರುವವರು ಕಡಿಮೆ.

ಮಿಕ್ಕಿದ್ದು ಸುಲಭ. ಕಂಟ್ರೋಲ್ ಒತ್ತಿ ಹಿಡಿದು ಎಡ-ಬಲ ಬಾಣ ಒತ್ತಿದರೆ ಪದದಿಂದ ಪದಕ್ಕೆ, ಮೇಲೆ-ಕೆಳಗಿನ ಬಾಣ ಒತ್ತಿದರೆ ಪ್ಯಾರಾದಿಂದ ಪ್ಯಾರಾಕ್ಕೆ. ಕಂಟ್ರೋಲ್ + ಹೋಮ್ ಒತ್ತಿದರೆ ಫೈಲಿನ ತಲೆ, ಕಂಟ್ರೋಲ್ + ಎಂಡ್ ಒತ್ತಿದರೆ ಬುಡ. ಇವುಗಳ ಜೊತೆ ಶಿಫ್ಟ್ ಸೇರಿಸಿದರೆ ಅಷ್ಟೂ ಸೆಲೆಕ್ಟ್ ಆಗುತ್ತೆ.

ಬರಹಮನೆ:
ಅಧ್ಯಾಯದ ತಲೆಬರಹಗಳನ್ನು ಬರೀ ಬೋಲ್ಡ್ ಮಾಡಿ ಬಿಡಬೇಡಿ. ಕಂಟ್ರೋಲ್ + ಆಲ್ಟ್ + 1 ಒತ್ತಿ ಹೆಡಿಂಗ್ ಸ್ಟೈಲ್ ಕೊಡಿ. ಆಮೇಲೆ ಕಂಟ್ರೋಲ್ + ಎಫ್ ಒತ್ತಿದಾಗ ಪಕ್ಕದಲ್ಲಿ ತೆರೆಯುವ ಪಟ್ಟಿಯಲ್ಲಿ ಹೆಡಿಂಗ್ಸ್ ಆರಿಸಿದರೆ ಇಡೀ ವರದಿಯ ಅಧ್ಯಾಯಗಳು ಸಾಲಾಗಿ ಕಾಣುತ್ತವೆ. ಲಿಬ್ರೆಆಫೀಸ್ ಬಳಸುವವರು ಎಫ್5 ಒತ್ತಿದರೆ ನ್ಯಾವಿಗೇಟರ್‌ನಲ್ಲಿ ಇದೇ ಸಿಗುತ್ತೆ.

ವರದಿಗಾರ್ತಿ:
ಎಫ್5 ಒತ್ತಿದ್ರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಪರದೆಯ ಬೆಳಕು ಕಮ್ಮಿ ಆಗ್ತಿದೆ! ಹೋಮ್ ಕೀ ಅಂತೂ ಕಾಣ್ತಾನೇ ಇಲ್ಲ.

ಕರಡುತಿದ್ದುವವ:
ಎಡಗಡೆ ಕೆಳಗೆ ಎಫ್‌ಎನ್ ಅಂತ ಒಂದು ಕೀ ಇರುತ್ತೆ ನೋಡಿ, ಅದನ್ನು ಹಿಡಿದುಕೊಂಡು ಎಫ್5 ಒತ್ತಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ + ಎಸ್ಕೇಪ್ ಒಮ್ಮೆ ಒತ್ತಿದರೆ ಮೇಲಿನ ಸಾಲು ಪೂರ್ತಿ ಎಫ್ ಕೀಗಳಾಗಿಯೇ ನಿಲ್ಲುತ್ತೆ. ಹೋಮ್ ಇಲ್ಲದಿದ್ದರೆ ಸಾಮಾನ್ಯವಾಗಿ ಎಫ್‌ಎನ್ ಜೊತೆ ಎಡ ಬಾಣ, ಎಂಡ್‌ಗೆ ಬಲ ಬಾಣ.

ಎಲ್ಲ ಒಟ್ಟಿಗೆ ಕಲಿಯೋಕೆ ಹೋಗಬೇಡಿ. ಈ ವಾರ ಶಿಫ್ಟ್ + ಎಫ್5 ಒಂದೇ ಸಾಕು, ಮೌಸನ್ನು ಕೈಗೆ ಎಟುಕದಷ್ಟು ದೂರ ಇಟ್ಟುಬಿಡಿ. ಮಣಿಕಟ್ಟಿನ ನೋವು ಹಾಗೂ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಅದನ್ನು ಮಾತ್ರ ಮುಂದೂಡಬೇಡಿ.